ಮುಧೋಳದ ಬೇಟೆನಾಯಿಯ ಪಾಲನೆ

"ನಾಯಿ ಸಾಕುವುದೆಂದರೆ ಅದೇನು ದೊಡ್ಡ ವಿದ್ಯೆಯೆ? ಉಳಿದ ಅನ್ನ ಹಾಕಿದರೆ ಬಾಗಿಲಲ್ಲಿ ಬಿದ್ದಿರುತ್ತದೆ" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ಎಣಿಸಿದ್ದೆನು. ಆ ಎಣಿಕೆ ತಪ್ಪೆಂದು ನನಗೆ ಕಲಿಸಿದ್ದು ಒಂದು ಮುಧೋಳದ ನಾಯಿ. ಕಲಿತುದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನಲ್ಲಿ ಬೇಟೆನಾಯಿಗೆ ಸಂದ ಗೌರವ ಇಂದಿನದಲ್ಲ. ಇತಿಹಾಸದ ವಿದ್ಯಾರ್ಥಿಗಳಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಪರಿಚಿತವಾದುದೇ. ಕ್ರಿ.ಶ. 949ರ ಸುಮಾರಿನ ಆ ಶಾಸನದಂತೆ, ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ತನ್ನೊಡೆಯನಿಂದ ಬಹುಮಾನವಾಗಿ ಬೇಡಿ ಪಡೆದುದು ಊರನ್ನಲ್ಲ, ಹೊನ್ನನ್ನಲ್ಲ. 'ಕಾಳಿ' ಎಂಬ ನಾಯಿಯನ್ನು! ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿನ ಕಲ್ಲನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಮುಧೋಳ ಬಾಗಲಕೋಟೆ ಜಿಲ್ಲೆಯ ಊರು. ಹಿಂದೆ ಅದೊಂದು ಚಿಕ್ಕ ಸಂಸ್ಥಾನ. ಅಲ್ಲಿನ ಅರಸ ಮಾಲೋಜಿರಾವ್ ಘೋರ್ಪಡೆ ಸುತ್ತಲಿನ ಬೇಡರ ಬಳಿಯಿದ್ದ ಈ ನಾಯಿಗಳನ್ನು ಮೆಚ್ಚಿ ತಳಿಯನ್ನು ಬೆಳೆಸಿದನೆಂದೂ, ಒಂದು ಜೊತೆಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟನೆಂದೂ ಹೇಳುತ್ತಾರೆ. 2005ರಲ್ಲಿ ಭಾರತದ ಅಂಚೆ ಇಲಾಖೆ ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಹೋದ ಮರಿಗಳು ಮೀರತ್ತಿನಲ್ಲಿ ಸೈನ್ಯದ ತರಬೇತಿಯನ್ನೂ ಪಡೆದಿವೆ.

ಇಂತಹ ನಾಯಿ ಕೃಷ್ಣರಾಜಪುರದ ನಮ್ಮ ಎರಡು ಕೋಣೆಯ ಮನೆಗೆ ಬಂದುದು ಹೇಗೆ? ನಮ್ಮ ತಂದೆ ಮೂಟೆ ಹೊರುವವರು. ಅವರಿಗೆ ಪರಿಚಯವಿದ್ದ ಒಂದು ಮನೆಯವರು ಅಂದಕ್ಕೆಂದು ಮರಿಯನ್ನು ಕೊಂಡು, ಮಹಡಿಯ ಮೇಲೆ ದಿನವೆಲ್ಲ ಕಟ್ಟಿಹಾಕುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಅದು ಬಾಗಿಲನ್ನು ಕಚ್ಚಿ ಹಾಕಿತು, ರಾತ್ರಿಯೆಲ್ಲ ಊಳಿಟ್ಟಿತು. "ಕೆಟ್ಟ ನಾಯಿ, ಯಾರಾದರೂ ಒಯ್ಯಿರಿ" ಎಂದರು. ನಾನು ತಂದೆನು. "ನಮ್ಮ ಹೊಟ್ಟೆಗೇ ನೋಡ್ಕೋಬೇಕು, ಇದನ್ನೆಲ್ಲಿ ಸಾಕ್ತೀಯಪ್ಪಾ?" ಎಂದು ತಂದೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೆ ಮಿಂಚು ಎಂದು ಹೆಸರಿಟ್ಟೆವು.

ಮಿಂಚು ಕೆಟ್ಟ ನಾಯಿಯಲ್ಲ, ಕೆಲಸವಿಲ್ಲದ ನಾಯಿ. ಇದನ್ನು ತಿಳಿಯಬೇಕಾದರೆ ಅದರ ಮೈಕಟ್ಟನ್ನು ನೋಡಬೇಕು. ಗಂಡುನಾಯಿಯ ಎತ್ತರ ಸುಮಾರು 70 ಸೆಂಟಿಮೀಟರು, ಹೆಣ್ಣು ಸ್ವಲ್ಪ ಕಡಿಮೆ. ತೂಕವೋ 22ರಿಂದ 28 ಕಿಲೋ ಮಾತ್ರ. ಆಳವಾದ ಎದೆ, ಒಳಕ್ಕೆ ಸರಿದ ಹೊಟ್ಟೆ, ಉದ್ದವಾದ ಕಾಲು, ನೀಳವಾದ ಮುಖ. ಪೂರ್ಣವೇಗದಲ್ಲಿ ಓಡುವಾಗ ಪ್ರತಿ ನೆಗೆತದಲ್ಲಿ ಎರಡು ಬಾರಿ ಅದರ ನಾಲ್ಕು ಕಾಲುಗಳೂ ನೆಲದಿಂದ ಮೇಲಿರುತ್ತವೆ. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೊಲದ ಬೇಟೆ ಅಪರಾಧವಾಯಿತು. ಅದು ಸರಿಯಾದುದೇ. ಆದರೆ ಕಾಯಿದೆ ಬಂದಿತೆಂದು ನಾಯಿಯ ಕಾಲಿನ ಕಸುವು ಹೋಗುವುದೆ? ಆ ಕಸುವಿಗೆ ಬೇರೆ ದಾರಿಯನ್ನು ನಾವೇ ತೋರಬೇಕು.

ಮೊದಲು ವ್ಯಾಯಾಮದ ಮಾತು. ಬೆಳೆದ ನಾಯಿಗೆ ದಿನಕ್ಕೆ ಒಂದರಿಂದ ಎರಡು ಗಂಟೆ ಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊದಲು ಕಾಲು ಗಂಟೆ ನಡೆಸಿ ಮೈ ಬೆಚ್ಚಗಾಗಿಸಬೇಕು. ಬಳಿಕ ಗೋಡೆಯೋ ಬೇಲಿಯೋ ಇರುವ ಬಯಲಿನಲ್ಲಿ ಹತ್ತು ಹದಿನೈದು ನಿಮಿಷ ಮನಸಾರೆ ಓಡಲು ಬಿಡಬೇಕು. ಹಗ್ಗದ ತುದಿಗೆ ಚಿಂದಿ ಬಟ್ಟೆ ಕಟ್ಟಿ ಎಳೆದರೆ ಅದೇ ಅದಕ್ಕೆ ಮೊಲ! ಕೊನೆಗೆ ಮತ್ತೆ ನಿಧಾನವಾಗಿ ನಡೆಸಿ ಮನೆಗೆ ತರಬೇಕು. ಹಳೆಯ ಮದರಾಸು ರಸ್ತೆಯಂತಹ ಕಡೆ ಹಗ್ಗ ಬಿಚ್ಚುವುದೆಂದರೆ ನಾಯಿಯನ್ನು ಲಾರಿಗೆ ಬಲಿಕೊಟ್ಟಂತೆ. ಬೆಕ್ಕೊಂದು ಕಣ್ಣಿಗೆ ಬಿದ್ದರೆ ಅದಕ್ಕೆ ನಮ್ಮ ಕೂಗು ಕೇಳಿಸದು. ಇದರ ತಲೆ ಕುತ್ತಿಗೆಗಿಂತ ಸಣ್ಣದಾದುದರಿಂದ ಸಾಧಾರಣ ಪಟ್ಟಿ ಜಾರಿಹೋಗುತ್ತದೆ. ಅಗಲವಾದ ಪಟ್ಟಿಯನ್ನೇ ಹಾಕಬೇಕು. ಒಂದು ವರ್ಷ ತುಂಬದ ಮರಿಯನ್ನು ಬಹುದೂರ ಓಡಿಸಬಾರದು. ಅದರ ಎಲುಬು ಇನ್ನೂ ಬಲಿಯುತ್ತಿರುತ್ತದೆ.

ಇನ್ನು ಆಹಾರ. 25 ಕಿಲೋ ತೂಗುವ, ಚೆನ್ನಾಗಿ ಓಡಾಡುವ ನಾಯಿಗೆ ದಿನಕ್ಕೆ ಸುಮಾರು 1,400ರಿಂದ 1,600 ಕ್ಯಾಲೊರಿ ಬೇಕು. ಬರಿಯ ಅನ್ನ ಅಥವಾ ಮುದ್ದೆಯಿಂದ ಹೊಟ್ಟೆ ತುಂಬೀತು, ಮಾಂಸಖಂಡ ಬೆಳೆಯದು. ನಮ್ಮ ಮನೆಯಲ್ಲಿ ರಾಗಿ ಅಂಬಲಿಗೆ ಬೇಯಿಸಿದ ಮೊಟ್ಟೆ, ಕೋಳಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಮಾಂಸದ ಚೂರು, ಕುಂಬಳಕಾಯಿ, ಸ್ವಲ್ಪ ಮೊಸರು ಸೇರಿಸುತ್ತೇವೆ. ಬೆಂದ ಎಲುಬು ಸೀಳಿ ಕರುಳನ್ನು ಚುಚ್ಚುವುದರಿಂದ ಅದನ್ನು ತೆಗೆದುಬಿಡಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಆದುದರಿಂದ ಮನೆಯ ಸಾರನ್ನು ಕಲಸಿ ಹಾಕುವ ಪದ್ಧತಿ ಒಳ್ಳೆಯದಲ್ಲ. ಮೂರು ತಿಂಗಳ ಮರಿಗೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಊಟ. ಹಿಂದಿನ ಒಂದೆರಡು ಪಕ್ಕೆಲುಬು ಕಂಡರೆ ಹೆದರಬೇಕಾಗಿಲ್ಲ, ಈ ಜಾತಿಯ ಲಕ್ಷಣವೇ ಅದು. ಸೊಂಟದ ಮೂಳೆ ಚೂಪಾಗಿ ಎದ್ದರೆ ಮಾತ್ರ ಹಸಿವೆಂದು ತಿಳಿಯಬೇಕು. ಮೈಯಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಮಲಗಲು ದಪ್ಪ ಗೋಣಿಚೀಲ ಬೇಕೇ ಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಬಳಿಕ ವರ್ಷವರ್ಷವೂ ಮತ್ತೊಮ್ಮೆ, ಇವನ್ನು ಮರೆಯಲಾಗದು.

ಇಷ್ಟನ್ನೂ ಬರೆದ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದೆನು. ಕಳೆದ ಬೇಸಗೆಯಲ್ಲಿ ಪರೀಕ್ಷೆಯ ಓದಿನಲ್ಲಿ ಬೆಳಗಿನ ಓಟ ತಪ್ಪಿತು. ಮಿಂಚು ಬಾಗಿಲು ಕೆರೆಯತೊಡಗಿತು. ಮಧ್ಯಾಹ್ನ ಅದಕ್ಕೆ ಊಟ ಹಾಕಿ, ಮೂರು ಗಂಟೆಯ ಬಿಸಿಲಿನಲ್ಲೇ ಕೆರೆಯ ಕಡೆಗೆ ಓಡಿಸಿದೆನು. ಅದು ಸಂತೋಷದಿಂದ ಓಡಿತು. ಹಿಂದಿರುಗುವಾಗ ನಾಲಿಗೆ ಕೆಂಪಗಾಗಿ, ಕಾಲು ತೊಡರಿ, ರಸ್ತೆಯ ಬದಿಯಲ್ಲಿ ಕುಸಿದುಬಿಟ್ಟಿತು. ಚಹಾ ಅಂಗಡಿಯವರು ಕೊಡಗಟ್ಟಲೆ ನೀರು ತಂದು ಸುರಿದರು. ನಾನು ನನ್ನ ನೋಟುಪುಸ್ತಕದಿಂದ ಗಾಳಿ ಹಾಕಿದೆನು. ಆಟೋದಲ್ಲಿ ಆಸ್ಪತ್ರೆಗೆ ಒಯ್ದಾಗಲೂ ಜ್ವರ 105 ಡಿಗ್ರಿಯ ಮೇಲಿತ್ತು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ. ನಮ್ಮಂತೆ ಮೈಯೆಲ್ಲ ಬೆವರಿ ತಣ್ಣಗಾಗುವ ಶಕ್ತಿ ಅದಕ್ಕಿಲ್ಲ, ತೇಕಿಯೇ ತಣ್ಣಗಾಗಬೇಕು.

ವೈದ್ಯರು ನನ್ನನ್ನು ಬೈಯಲಿಲ್ಲ. "ಇದಕ್ಕೆ ಸಾಕು ಅನ್ನೋದು ಗೊತ್ತಿಲ್ಲಪ್ಪ. ಸಾಕು ಅನ್ನೋ ಬುದ್ಧಿ ನಿನ್ನದಾಗಿರಬೇಕು. ನೀರು ಹಾಕಿ ತಂದೆ, ಅದಕ್ಕೇ ಉಳೀತು" ಎಂದರು. ಊಟಕ್ಕೂ ಓಟಕ್ಕೂ ಒಂದೆರಡು ಗಂಟೆಯ ಅಂತರವಿರಬೇಕೆಂಬುದನ್ನೂ ಅವರೇ ತಿಳಿಸಿದರು; ಆಳ ಎದೆಯ ನಾಯಿಗಳಲ್ಲಿ ಹೊಟ್ಟೆಯುಬ್ಬಿ ಜಠರವೇ ತಿರುಚಿಕೊಳ್ಳುವ ಭಯವುಂಟಂತೆ. ಅಂದಿನಿಂದ ಬೇಸಗೆಯಲ್ಲಿ ಹೊರಡುವ ಮುನ್ನ ಮುಂಗೈಯನ್ನು ರಸ್ತೆಯ ಮೇಲಿಟ್ಟು ಏಳರವರೆಗೆ ಎಣಿಸುತ್ತೇನೆ. ಕೈ ತಾಳದಿದ್ದರೆ ಅದರ ಪಾದವೂ ತಾಳದು.

ಆಸ್ಪತ್ರೆಯ ಮತ್ತು ಔಷಧದ ಹಣವನ್ನು ತಂದೆ ಎರಡು ದಿನದ ಕೂಲಿಯಿಂದ ಕೊಟ್ಟರು. ಒಂದು ಮಾತನ್ನೂ ಆಡಲಿಲ್ಲ. ಮರುವಾರದಿಂದ ಬೆಳಗಿನ ಜಾವ ಐದಕ್ಕೆ ನನ್ನನ್ನು ಎಬ್ಬಿಸುವವರು ಅವರೇ: "ಏಳಪ್ಪಾ, ಅದು ಕಾಯ್ತಾ ಇದೆ." ನಾಯಿಯ ಓಟ ಮುಗಿಸಿ ಬಂದು ಓದಲು ಕೂರುವುದು ಈಗ ನನಗೂ ರೂಢಿಯಾಗಿದೆ.

ನಗರದಲ್ಲಿ ಇಂದು ಹಲವರು ಹೆಸರಿಗೆ ಮರುಳಾಗಿ ಈ ನಾಯಿಯನ್ನು ಕೊಳ್ಳುತ್ತಿದ್ದಾರೆ. ಅವರಲ್ಲಿ ನನ್ನದೊಂದು ವಿಜ್ಞಾಪನೆ. ಕೊಳ್ಳುವ ಮೊದಲು ಜೇಬನ್ನಲ್ಲ, ಗಡಿಯಾರವನ್ನು ನೋಡಿಕೊಳ್ಳಿ. ದಿನಕ್ಕೆ ಎರಡು ಗಂಟೆ ಕೊಡಲಾಗದಿದ್ದರೆ ತರಬೇಡಿ. ಕೊಡಬಲ್ಲಿರಾದರೆ ಬಡವನ ಎರಡು ಕೋಣೆಯ ಮನೆಯಲ್ಲಿಯೂ ಅದು ಸುಖವಾಗಿ ಬಾಳುತ್ತದೆ. ಮಿಂಚುವೇ ಅದಕ್ಕೆ ಸಾಕ್ಷಿ.