ಬೀಗ ಒಡೆದು ನೋಡುವ ಊರು

ಬ್ರಸೆಲ್ಸ್‌ನಿಂದ ಪೂರ್ವಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಲ್ಯೂವೆನ್ ನಿಲ್ದಾಣದಿಂದ ಹೊರಗೆ ಬಂದರೆ ಎತ್ತ ನೋಡಿದರೂ ಸೈಕಲ್ಲುಗಳು. ಕಂಬಕ್ಕೆ, ಕಟಕಟೆಗೆ, ಒಂದಕ್ಕೊಂದು ಒರಗಿಸಿ ಬೀಗ ಜಡಿದ ಸೈಕಲ್ಲುಗಳು. ಊರಿನ ನಡುವೆ ವಿಶ್ವವಿದ್ಯಾಲಯದ ಗ್ರಂಥಾಲಯ, ಅದರ ಎತ್ತರದ ಗಂಟೆಗೋಪುರ. ಮುಂದಿನ ಚೌಕದಲ್ಲಿ ಆಕಾಶಕ್ಕೆ ನೆಟ್ಟ ಉಕ್ಕಿನ ಸೂಜಿ, ಅದರ ತುದಿಯಲ್ಲಿ ಚುಚ್ಚಿಕೊಂಡು ಅಂಗಾತ ಬಿದ್ದ ಹಸಿರು ಜೀರುಂಡೆ. ಯಾನ್ ಫಾಬ್ರೆ ಎಂಬ ಕಲಾವಿದನ ಕೃತಿ ಅದು.

1425ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದು. 1914ರ ಆಗಸ್ಟ್‌ನಲ್ಲಿ ಜರ್ಮನ್ ಸೇನೆ ಹಚ್ಚಿದ ಬೆಂಕಿಗೆ ಇದರ ಹಳೆಯ ಗ್ರಂಥಾಲಯ ಬೂದಿಯಾಯಿತು. ಅಮೆರಿಕನ್ನರ ದೇಣಿಗೆಯಿಂದ ಈಗಿನ ಕಟ್ಟಡ ಎದ್ದಿತು. 1940ರ ಮೇ ತಿಂಗಳಲ್ಲಿ ಅದಕ್ಕೂ ಬೆಂಕಿ ಬಿತ್ತು. ಮತ್ತೆ ಕಟ್ಟಿದರು. ಆಮೇಲೆ ಬಂದದ್ದು ಭಾಷೆಯ ಜಗಳ. ಡಚ್ ನುಡಿಯುವ ನೆಲದಲ್ಲಿ ಫ್ರೆಂಚ್ ವಿಭಾಗ ಇರಬಾರದೆಂಬ ಚಳವಳಿ 1968ರಲ್ಲಿ ಬೆಲ್ಜಿಯಂ ಸರಕಾರವನ್ನೇ ಉರುಳಿಸಿತು. ವಿಶ್ವವಿದ್ಯಾಲಯ ಎರಡು ಹೋಳಾಯಿತು. ಪುಸ್ತಕಗಳನ್ನೂ ಹಂಚಿಕೊಂಡರು, ಬೆಸಸಂಖ್ಯೆಯವು ಒಬ್ಬರಿಗೆ, ಸಮಸಂಖ್ಯೆಯವು ಇನ್ನೊಬ್ಬರಿಗೆ. ಫ್ರೆಂಚ್ ಭಾಗ ಲೂವಾನ್-ಲಾ-ನವ್ ಎಂಬ ಹೊಸ ಊರನ್ನೇ ಕಟ್ಟಿಕೊಂಡು ಅತ್ತ ಹೋಯಿತು. ಈ ಪಾಲುಪಟ್ಟಿಯ ಕಥೆ ಮುಂದೆ ಬೇಕಾಗುತ್ತದೆ.

ಊರು ದಾಟಿ ತೆಂಕಣಕ್ಕೆ ಬಂದರೆ ಹೆವರ್ಲೆ. ಡೈಲೆ ಹೊಳೆಯ ದಡದಲ್ಲಿ ಕೆಂಪು ಇಟ್ಟಿಗೆಯ ಆರೆನ್‌ಬರ್ಗ್ ಕೋಟೆಮನೆ, ಸುತ್ತ ಹುಲ್ಲುಹಾಸು, ದೊಡ್ಡ ಮರಗಳು. ಈ ಆವರಣದಲ್ಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗ. ಅದರೊಳಗಿನ ಒಂದು ಸಂಶೋಧನಾ ಗುಂಪಿನ ಹೆಸರು ಕೋಸಿಕ್. ಗೂಢಲಿಪಿ, ಅಂದರೆ ಕ್ರಿಪ್ಟೋಗ್ರಫಿ, ಇವರ ಕಸುಬು. ಕರಿಹಲಗೆಯ ತುಂಬ ಸಮೀಕರಣ ಬರೆಯುವವರು ಇಲ್ಲಿದ್ದಾರೆ; ಬೆಸುಗೆ ಕಡ್ಡಿ ಹಿಡಿದು ಸರ್ಕ್ಯೂಟ್ ಬೋರ್ಡಿನ ಮೇಲೆ ಬಗ್ಗಿದವರೂ ಇದ್ದಾರೆ. ಚಿಪ್ ಲೆಕ್ಕ ಮಾಡುವಾಗ ಎಳೆದುಕೊಳ್ಳುವ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಆ ಏರಿಳಿತ ಗೆರೆಯಾಗಿ ಮೂಡುತ್ತದೆ. ಸಾವಿರಾರು ಸಲ ಅಳೆದು ಹೋಲಿಸಿದರೆ, ಎಚ್ಚರ ತಪ್ಪಿ ಮಾಡಿದ ಚಿಪ್ಪಿನೊಳಗಿನ ಗುಟ್ಟಿನ ಕೀಲಿ ಆ ಗೆರೆಗಳಿಂದಲೇ ಹೊರಬೀಳುತ್ತದೆ. ಗಣಿತ ಎಷ್ಟೇ ಗಟ್ಟಿಯಾಗಿದ್ದರೂ ಲೋಹವೂ ಸಿಲಿಕಾನೂ ಅದನ್ನು ಬಿಟ್ಟುಕೊಡಬಲ್ಲವು ಎಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಈ ಗುಂಪಿಗೂ ನಮಗೂ ದಿನನಿತ್ಯದ ನಂಟಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗಾಗಿ ಅಜ್ಜಿ ಬೆರಳು ಒತ್ತಿದಾಗ, ಆ ಗುರುತು ಆಧಾರ್ ಕಂಪ್ಯೂಟರಿಗೆ ಹೋಗುವ ಮುನ್ನ ಎಇಎಸ್ ಎಂಬ ಸೈಫರಿನಲ್ಲಿ, ಅಂದರೆ ಗೂಢಲಿಪಿಯ ವಿಧಾನದಲ್ಲಿ, ಮುಚ್ಚಿಕೊಳ್ಳುತ್ತದೆ. ಮಗ ದುಬೈನಿಂದ ಕಳಿಸುವ ವಾಟ್ಸ್ಆ್ಯಪ್ ಸಂದೇಶವೂ ಅದರಲ್ಲೇ. ಅದನ್ನು ರಚಿಸಿದವರು ವಿನ್ಸೆಂಟ್ ರೈಮೆನ್ ಮತ್ತು ಯೋನ್ ಡಾಮೆನ್, ಕೋಸಿಕ್‌ನಲ್ಲಿ ಬೆಳೆದವರು. ಇಬ್ಬರ ಹೆಸರನ್ನೂ ಬೆಸೆದು ರೈನ್‌ಡಾಲ್ ಎಂದು ಕರೆದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹೊಸ ಸೈಫರಿಗಾಗಿ 1997ರಲ್ಲಿ ಜಗತ್ತಿಗೆಲ್ಲ ಕರೆ ಕೊಟ್ಟಿತು. ಬಂದ 15 ರಚನೆಗಳನ್ನು ಬಯಲಲ್ಲಿಟ್ಟು, ಯಾರು ಬೇಕಾದರೂ ಒಡೆಯಿರಿ ಎಂದಿತು. ಕೊನೆಗೆ ಉಳಿದವು ಐದು. 2000ದ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನೆರೆದ ತಜ್ಞರ ಅಭಿಪ್ರಾಯ ಕೇಳಿದಾಗ ರೈನ್‌ಡಾಲ್ ಪರವಾಗಿ 86, ವಿರುದ್ಧವಾಗಿ 10. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದರ ಆಯ್ಕೆ ಪ್ರಕಟವಾಯಿತು. ಅಮೆರಿಕ ಸರಕಾರ ತನ್ನ ಕಡತಗಳಿಗೆ ಬೆಲ್ಜಿಯಂನ ಬೀಗ ಹಾಕಿಕೊಂಡಿತು. ಬೀಗದ ನಕ್ಷೆ ಇವತ್ತಿಗೂ ಎಲ್ಲರ ಕೈಯಲ್ಲಿದೆ. ಗುಟ್ಟು ಇರುವುದು ಕೀಲಿಯಲ್ಲಿ ಮಾತ್ರ. ಗುಟ್ಟನ್ನು ಕೀಲಿಗಷ್ಟೇ ಬಿಡಬೇಕು, ಉಳಿದದ್ದು ಶತ್ರುವಿನ ಕೈಸೇರಿದರೂ ಕೇಡಾಗಬಾರದು ಎಂದು ಅಗಸ್ತ್ ಕೆರ್ಕಾಫ್ಸ್ 1883ರಲ್ಲೇ ಬರೆದಿದ್ದ.

ಗೆಲುವಿನ ಕಥೆ ಎಲ್ಲರಿಗೂ ಗೊತ್ತು. ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಅದೇ ಹೊತ್ತಿನಲ್ಲಿ ಈ ಕಟ್ಟಡದಿಂದ ನಡೆದ ಇನ್ನೊಂದು ಕೆಲಸ. 2000ದಲ್ಲಿ ನೆಸ್ಸಿ ಎಂಬ ಯುರೋಪಿಯನ್ ಯೋಜನೆ ಶುರುವಾಯಿತು. ಮುನ್ನಡೆಸಿದ್ದು ಲ್ಯೂವೆನ್, ಗುಂಪಿನ ಮುಖ್ಯಸ್ಥ ಬಾರ್ಟ್ ಪ್ರೆನೀಲ್. ಪ್ಯಾರಿಸ್, ಲಂಡನ್, ನಾರ್ವೆಯ ಬರ್ಗೆನ್, ಇಸ್ರೇಲಿನ ಹೈಫಾದ ವಿದ್ಯಾಸಂಸ್ಥೆಗಳು, ಜರ್ಮನಿಯ ಸೀಮೆನ್ಸ್ ಕಂಪನಿ ಜತೆಗೂಡಿದವು. ಪಾಲುದಾರರ ಪಟ್ಟಿಯಲ್ಲಿ ಲೂವಾನ್-ಲಾ-ನವ್ ಕೂಡ ಇತ್ತು! ಪುಸ್ತಕಗಳನ್ನು ಬೆಸ-ಸಮ ಎಂದು ಹಂಚಿಕೊಂಡು ಬೇರೆಯಾದವರು ಒಂದೇ ಮೇಜಿಗೆ ಬಂದು ಕುಳಿತರು. ಕೆಲಸ ಏನೆಂದರೆ, ಹೊರಗಿನಿಂದ ಬಂದ ರಚನೆಗಳನ್ನು ಪರೀಕ್ಷಿಸುವುದು. 42 ಬಂದವು. ಅವುಗಳಲ್ಲಿ ಆರು ಸ್ಟ್ರೀಮ್ ಸೈಫರ್‌ಗಳು, ಅಂದರೆ ಹರಿಯುವ ಮಾಹಿತಿಯನ್ನು ಹರಿಯುತ್ತಲೇ ಮುಚ್ಚುವಂಥವು. ಗರಡಿಮನೆಯಲ್ಲಿ ಹೊಸಬನ ಮೇಲೆ ಒಬ್ಬರಾದ ಮೇಲೊಬ್ಬರು ಪಟ್ಟು ಹಾಕಿ ನೋಡುವ ಹಾಗೆ ಎಲ್ಲರೂ ಅವುಗಳ ಮೇಲೆ ಬಿದ್ದರು. 2003ರಲ್ಲಿ ಫಲಿತಾಂಶ ಬಂದಾಗ ಆರಕ್ಕೆ ಆರೂ ಸೋತಿದ್ದವು. ನೆಸ್ಸಿ ಅದನ್ನು ಹಾಗೆಯೇ ಪ್ರಕಟಿಸಿತು. ಮೂರು ವರ್ಷ ಸಾರ್ವಜನಿಕರ ಹಣದಲ್ಲಿ ನಡೆದ ಯೋಜನೆ, ಈ ವಿಭಾಗದಲ್ಲಿ ನಿಮಗೆ ಕೊಡಲು ನಮ್ಮ ಬಳಿ ಏನೂ ಇಲ್ಲ ಎಂದು ಹೇಳುವುದಕ್ಕೆ ಎದೆಗಾರಿಕೆ ಬೇಕು. ಆ ಖಾಲಿ ಜಾಗವೇ ಮುಂದಿನ ಕೆಲಸಕ್ಕೆ ದಾರಿ ಮಾಡಿತು.

2004ರಲ್ಲಿ ಇಕ್ರಿಪ್ಟ್ ಎಂಬ ಇನ್ನೂ ದೊಡ್ಡ ಜಾಲ ಹುಟ್ಟಿತು. ಅದರ ಹೊಣೆಯೂ ಲ್ಯೂವೆನ್‌ನದೇ. ಸ್ಟ್ರೀಮ್ ಸೈಫರಿಗೆಂದೇ ಇಸ್ಟ್ರೀಮ್ ಎಂಬ ಕಣ ತೆರೆದರು. 34 ರಚನೆಗಳು ಬಂದವು. ನಾಲ್ಕು ವರ್ಷದ ಜಟಾಪಟಿಯ ಬಳಿಕ 2008ರ ಏಪ್ರಿಲ್‌ನಲ್ಲಿ ಎಂಟನ್ನು ಆರಿಸಿದರು. ಸೆಪ್ಟೆಂಬರ್ ಹೊತ್ತಿಗೆ ಅವುಗಳಲ್ಲೊಂದು ಒಡೆಯಿತು, ಪಟ್ಟಿಯಿಂದ ತೆಗೆದರು. ಉಳಿದ ಏಳರಲ್ಲಿ ಒಂದು ಸಾಲ್ಸಾ20. ಅದರ ತಮ್ಮ ಚಾಚಾ20 ಈಗ ನಮ್ಮ ಮೊಬೈಲುಗಳ ಬ್ರೌಸರ್‌ನಲ್ಲಿ ಓಡುತ್ತಿದೆ.

ಹೊರಗಿನ ವಸ್ತುಗಳನ್ನೂ ಕೋಸಿಕ್‌ನವರು ಬಿಟ್ಟವರಲ್ಲ. 2018ರಲ್ಲಿ ಟೆಸ್ಲಾ ಮಾಡೆಲ್ ಎಸ್ ಕಾರಿನ ಕೀಲಿಯನ್ನು ಕೆಲವೇ ಸೆಕೆಂಡುಗಳಲ್ಲಿ ನಕಲು ಮಾಡಿ ತೋರಿಸಿದರು. ಅಷ್ಟು ಬೆಲೆಯ ಕಾರಿನ ಕೀಲಿಯೊಳಗೆ ಇದ್ದದ್ದು ಬರೀ 40 ಬಿಟ್‌ನ ಹಳೆಯ ಸೈಫರ್. ಅದು ದುರ್ಬಲವೆಂದು 2005ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ಜಗತ್ತಿಗೆ ಹೇಳುವ ಮೊದಲು, 2017ರಲ್ಲೇ ಲ್ಯೂವೆನ್‌ನವರು ಕಂಪನಿಗೆ ಹೇಳಿದ್ದರು. ಕಂಪನಿ ಹತ್ತು ಸಾವಿರ ಡಾಲರ್ ಬಹುಮಾನ ಕೊಟ್ಟು ಕೀಲಿಯನ್ನು ಬದಲಿಸಿತು.

2022ರ ಜುಲೈ ಈ ಕಟ್ಟಡಕ್ಕೆ ಒಂದೇ ತಿಂಗಳಲ್ಲಿ ಎರಡು ಬಗೆಯ ಸುದ್ದಿ ತಂದಿತು. ಕ್ವಾಂಟಂ ಕಂಪ್ಯೂಟರಿಗೂ ಬಗ್ಗದ ಗೂಢಲಿಪಿಗಾಗಿ ನಿಸ್ಟ್ ಮತ್ತೊಂದು ಸ್ಪರ್ಧೆ ನಡೆಸುತ್ತಿತ್ತು. ಕೊನೆಯ ಹಂತ ತಲುಪಿದ್ದ ಸೇಬರ್ ಎಂಬ ರಚನೆ ಇಲ್ಲಿಯದೇ. ಅದರ ನಾಲ್ವರು ಮೂಲ ಕರ್ತೃಗಳಲ್ಲಿ ಸುಜಯ್ ಸಿನ್ಹಾ ರಾಯ್ ಮತ್ತು ಆಂಗ್ಶುಮಾನ್ ಕರ್ಮಾಕರ್ ಭಾರತದಿಂದ ಹೋದವರು. ಜುಲೈ 5ರಂದು ನಿಸ್ಟ್ ಸೇಬರ್‌ನ ಬದಲು ಕೈಬರ್ ಅನ್ನು ಆರಿಸಿತು. ಜತೆಗೆ ಸೈಕ್ ಎಂಬ ಇನ್ನೊಂದು ರಚನೆಯನ್ನು ಮುಂದಿನ ಸುತ್ತಿಗೆ ಉಳಿಸಿಕೊಂಡಿತು. ಸೈಕ್‌ನ ಹಿಂದಿನ ಗಣಿತ 2011ರದು. ಒಡೆದವರಿಗೆ 50 ಸಾವಿರ ಡಾಲರ್ ಕೊಡುವುದಾಗಿ ಮೈಕ್ರೋಸಾಫ್ಟ್ ಸವಾಲು ಹಾಕಿತ್ತು. ತಿಂಗಳು ಮುಗಿಯುವುದರೊಳಗೆ ಕೋಸಿಕ್‌ನ ವೌಟರ್ ಕಾಸ್ಟ್ರಿಕ್ ಮತ್ತು ತೋಮಸ್ ಡೆಕ್ರು ಒಂದು ಪ್ರಬಂಧ ಹೊರತಂದರು. ಎರ್ನ್ಸ್ಟ್ ಕಾನಿ ಎಂಬ ಗಣಿತಜ್ಞ 1997ರಲ್ಲಿ, ಗೂಢಲಿಪಿಯ ಗೊಡವೆಯೇ ಇಲ್ಲದೆ ಬರೆದಿಟ್ಟ ಪ್ರಮೇಯವೊಂದನ್ನು ಹಿಡಿದು, ಸೈಕ್‌ನ ಮೊದಲ ಭದ್ರತಾ ಮಟ್ಟವನ್ನು ಹಳೆಯ ಪ್ರೊಸೆಸರಿನ ಒಂದೇ ಒಂದು ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಒಡೆದಿದ್ದರು.

ಸೈಕ್ ಕಟ್ಟಿದವರು ವಾದಕ್ಕೆ ಇಳಿಯಲಿಲ್ಲ. ಇದು ಸುರಕ್ಷಿತವಲ್ಲ, ಬಳಸಬೇಡಿ ಎಂದು ತಾವೇ ಬರೆದರು. ಹನ್ನೊಂದು ವರ್ಷದ ದುಡಿಮೆಯನ್ನು ಹೀಗೆ ಕೆಳಗಿಟ್ಟ ಅವರ ಮೇಲೆ ನನಗಿರುವ ಗೌರವ, ಒಡೆದವರ ಮೇಲಿನದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ. ಒಂದೆರಡು ವರ್ಷದಲ್ಲಿ ಅದೇ ಕ್ಷೇತ್ರದ ಸಂಶೋಧಕರು ಕಾನಿಯ ಪ್ರಮೇಯವನ್ನು ಕಟ್ಟುವ ಕೆಲಸಕ್ಕೆ ತಿರುಗಿಸಿಕೊಂಡರು. ಸ್ಕೀಸೈನ್ ಎಂಬ ಡಿಜಿಟಲ್ ಸಹಿಯ ವಿಧಾನ ಅದರಿಂದ ಚುರುಕಾಯಿತು. 2024ರಲ್ಲಿ ಅದು ನಿಸ್ಟ್‌ನ ಸಹಿ ಸ್ಪರ್ಧೆಯ ಎರಡನೇ ಸುತ್ತಿಗೆ ಬಂದಿತು. ನಕ್ಷೆ ಬಯಲಲ್ಲಿದೆ, ಒಡೆಯಬಲ್ಲವರು ಒಡೆಯಬಹುದು.