ಸಿಪ್ಪೆ ಸುಲಿದ ಕಣ್ಣು

ಇಂಗ್ಲಿಷಿನಲ್ಲಿ ‘ಕೀಪ್ ಯುವರ್ ಐಸ್ ಪೀಲ್ಡ್’ ಎಂಬ ನುಡಿಗಟ್ಟೊಂದಿದೆ. ಎಚ್ಚರವಾಗಿರು, ಸುತ್ತಮುತ್ತ ಕಣ್ಣಿಟ್ಟಿರು ಎಂಬುದು ಅದರ ತಾತ್ಪರ್ಯ. ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಮಾತ್ರ ‘ಕಣ್ಣುಗಳ ಸಿಪ್ಪೆ ಸುಲಿದಿಟ್ಟುಕೋ’ ಎಂದಾಗಿ ನಗೆ ಬರುತ್ತದೆ. ಬಾಳೆಯ ಹಣ್ಣಿಗೆ ಸಲ್ಲುವ ಕ್ರಿಯಾಪದ ಕಣ್ಣಿಗೆ ಸಂದದ್ದು ಹೇಗೆ?

ಇದಕ್ಕೆ ಜನಜನಿತವಾದ ಉತ್ತರವೊಂದುಂಟು. ಬ್ರಿಟನ್ನಿನ ಗೃಹಮಂತ್ರಿಯಾಗಿದ್ದ ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಪಡೆಯನ್ನು ಸ್ಥಾಪಿಸಿದನು. ಅವನ ಹೆಸರಿನಿಂದಲೇ ಪೊಲೀಸರನ್ನು ಜನ ‘ಬಾಬಿ’ ಎಂದೂ ‘ಪೀಲರ್’ ಎಂದೂ ಕರೆದರು. ಇಲ್ಲಿಯವರೆಗೆ ಎಲ್ಲವೂ ನಿಜ. ಪೀಲರನ ಕೆಲಸ ಕಾವಲು. ಆದ್ದರಿಂದ ‘ಪೀಲ್ಡ್’ ಎಂದರೆ ಪೀಲರನಂತೆ ಎಚ್ಚರಗೊಂಡ ಕಣ್ಣು ಎಂದು ಕಥೆ ಮುಂದುವರಿಯುತ್ತದೆ. ಕಥೆ ಸೊಗಸಾಗಿದೆ. ಶಬ್ದಗಳ ವಿಚಾರದಲ್ಲಿ ಅತಿ ಸೊಗಸಾದ ಕಥೆಯನ್ನು ಕಂಡರೆ ನನಗೆ ಅನುಮಾನವೇ ಹೆಚ್ಚು.

ಈ ಅನುಮಾನಕ್ಕೆ ಆಧಾರವುಂಟು. ಈ ನುಡಿಗಟ್ಟಿಗೆ ‘ಐಸ್ ಸ್ಕಿನ್ಡ್’, ಅಂದರೆ ಚರ್ಮ ಸುಲಿದ ಕಣ್ಣು ಎಂಬ ಒಡಹುಟ್ಟು ಇದೆ. ಅದೇ ಇವೆರಡರಲ್ಲಿ ಹಿರಿಯದು. 1830ರ ದಶಕದಲ್ಲಿಯೇ ಅದು ಅಮೆರಿಕದ ಬರವಣಿಗೆಯಲ್ಲಿ ಕಾಣಿಸಿಕೊಂಡಿದೆ. ‘ಪೀಲ್ಡ್’ ಎಂಬ ರೂಪ ಸುಮಾರು ಎರಡು ದಶಕಗಳ ತರುವಾಯ, ಅದೂ ಅಮೆರಿಕದಲ್ಲಿಯೇ, ಬಂತು. ಲಂಡನ್ನಿನ ಮಂತ್ರಿಯಿಂದ ಹುಟ್ಟಿದ ಮಾತು ಲಂಡನ್ನಿನಲ್ಲಿ ಮೊದಲು ಕೇಳಿಸಬೇಕಾಗಿತ್ತಲ್ಲವೆ? ಅಲ್ಲದೆ, ಸ್ಕಿನ್ ಎಂಬ ಹೆಸರಿನ ಮಂತ್ರಿಯಂತೂ ಯಾರೂ ಇರಲಿಲ್ಲ!

‘ಪೀಲ್’ ಎಂಬ ಕ್ರಿಯಾಪದ ಬಹು ಹಳೆಯದು. ಲ್ಯಾಟಿನ್ನಿನಲ್ಲಿ ರೋಮ ತೆಗೆಯುವುದಕ್ಕೆ ಹೇಳುವ ‘ಪಿಲಾರೆ’ ಅದರ ಮೂಲ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಯಾಕೋಬನು ಹಸಿಯ ಕೋಲುಗಳ ತೊಗಟೆಯನ್ನು ಪಟ್ಟೆಪಟ್ಟೆಯಾಗಿ ಸುಲಿದು ಬಿಳುಪು ಕಾಣಿಸುವ ಪ್ರಸಂಗವಿದೆ. ಅಲ್ಲಿ ಬಳಸಿರುವುದು ಇದೇ ಪದದ ಹಳೆಯ ರೂಪವನ್ನು. ರೋಮ, ತೊಗಟೆ, ಸಿಪ್ಪೆ ಯಾವುದೇ ಇರಲಿ, ಮುಚ್ಚಿದ್ದನ್ನು ತೆಗೆದು ಒಳಗಿನದನ್ನು ತೋರಿಸುವುದೇ ಈ ಪದದ ಜೀವಾಳ. ಕಣ್ಣಿನ ಸಿಪ್ಪೆ ಅದರ ರೆಪ್ಪೆ. ಅದನ್ನು ಸುಲಿದುಬಿಟ್ಟರೆ ಕಣ್ಣು ಮುಚ್ಚುವ ಮಾತೇ ಇಲ್ಲ.

ಕನ್ನಡಿಗರಾದ ನಮಗೆ ಈ ಕಲ್ಪನೆ ಅಪರಿಚಿತವೇನೂ ಅಲ್ಲ. ‘ಎವೆಯಿಕ್ಕದೆ’ ನೋಡುತ್ತೇವೆ, ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು’ ಕಾಯುತ್ತೇವೆ. ಎಣ್ಣೆ ಬಿದ್ದ ಕಣ್ಣು ಉರಿಯುತ್ತದೆ. ಉರಿಯುವ ಕಣ್ಣಿಗೆ ನಿದ್ದೆ ಹತ್ತದು. ಎಚ್ಚರದ ವೈರಿ ಹೊರಗಿನ ಕಳ್ಳನಲ್ಲ, ನಮ್ಮದೇ ರೆಪ್ಪೆ ಎಂಬುದನ್ನು ಎರಡು ಭಾಷೆಗಳೂ ತಮ್ಮ ತಮ್ಮ ರೀತಿಯಲ್ಲಿ ಕಂಡುಕೊಂಡಿವೆ.

ಮಂತ್ರಿಯ ಕಥೆಯನ್ನು ನಂಬಿದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಹೀಗೆ: ಹೆಸರಿಲ್ಲದ ಜನ ಕಟ್ಟಿದ ಮಾತಿನ ಯಶಸ್ಸು ಹೆಸರುವಾಸಿಯಾದ ಒಬ್ಬನ ಪಾಲಾಗುತ್ತದೆ. ದಿನವೂ ಹಣ್ಣು ಸುಲಿದು, ತೊಗಲು ಬಿಡಿಸಿ ಬಲ್ಲವರಿಗೆ ಹೊಳೆಯುವಂಥ ಉಪಮೆ ಇದು. ಇದಕ್ಕೆ ಶಾಸನಸಭೆಯ ಅಪ್ಪಣೆ ಬೇಕಿರಲಿಲ್ಲ. ಮಾತಿನ ಹುಟ್ಟನ್ನು ಅರಸುವವನು ಮೊದಲು ದೊಡ್ಡ ಹೆಸರುಗಳನ್ನು ಬದಿಗಿರಿಸಿ, ಆ ಮಾತು ಯಾವ ಊರಿನಲ್ಲಿ, ಯಾವ ಕಾಲದಲ್ಲಿ, ಯಾವ ಒಡನಾಡಿಗಳೊಂದಿಗೆ ಬದುಕಿತ್ತೆಂದು ನೋಡಬೇಕು. ಅಷ್ಟು ಮಾಡುವುದಕ್ಕೆ ಅವನ ಕಣ್ಣಿನ ಸಿಪ್ಪೆಯೂ ಸುಲಿದಿರಬೇಕು.