ದಡಾರದ ಮರೆವು, ಡೆಂಗಿಯ ನೆನಪು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಮಕ್ಕಳ ರೋಗಗಳ ಬಗ್ಗೆ ಕೇಳಿಬರುವ ಎರಡು ನಂಬಿಕೆಗಳಿವೆ. ಗೊಬ್ಬರ ಎದ್ದು ವಾಸಿಯಾದ ಮಗು ಮುಂದೆ ಯಾವ ಬೇನೆಗೂ ಜಗ್ಗದಷ್ಟು ಗಟ್ಟಿಯಾಗುತ್ತದೆ ಎಂಬುದು ಮೊದಲನೆಯದಾದರೆ, ಮಿದುಳು ಜ್ವರದ ಸೂಜಿ ಹಾಕಿಸಿದ ಮಗುವಿಗೆ ಸೊಳ್ಳೆಯಿಂದ ಬರುವ ಬೇರೆ ಜ್ವರಗಳೂ ತಾಗುವುದಿಲ್ಲ ಎಂಬುದು ಎರಡನೆಯದು. ಓದಿದವರಲ್ಲಿ ಇದಕ್ಕೆ ತೀರ ಎದುರಾದ ಮತ್ತೊಂದು ನಂಬಿಕೆಯಿದೆ: ಒಂದು ಲಸಿಕೆ ಒಂದೇ ರೋಗಕ್ಕೆ ಸಂಬಂಧಿಸಿದ್ದು, ಉಳಿದ ರೋಗಗಳ ವಿಷಯದಲ್ಲಿ ಅದರ ಇರವು ಇಲ್ಲದಿರವು ಎರಡೂ ಒಂದೇ. ಈ ಮೂರರಲ್ಲಿ ಯಾವುದೂ ಪೂರ್ತಿ ನಿಜವಲ್ಲ.

ಗೊಬ್ಬರವೆಂದರೆ ಆರೋಗ್ಯ ಇಲಾಖೆಯ ಮಾತಿನಲ್ಲಿ ದಡಾರ. ಒಮ್ಮೆ ಬಂದು ಹೋದರೆ ಅದು ಮತ್ತೆ ಬರುವುದು ತೀರ ಅಪರೂಪವಾದ್ದರಿಂದ ಮೇಲಿನ ನಂಬಿಕೆ ಹುಟ್ಟಿರಬೇಕು. ಆದರೆ ದಡಾರದ ವಿರುದ್ಧ ಗಳಿಸಿದ ಈ ಬಲಕ್ಕೆ ದೇಹ ತೆರುವ ಬೆಲೆ ದೊಡ್ಡದು. ಹಿಂದೆ ಎದುರಿಸಿದ ರೋಗಾಣುವಿನ ಗುರುತನ್ನು ಉಳಿಸಿಕೊಂಡು, ಅದು ಮರಳಿ ಬಂದಾಗ ತಡವಿಲ್ಲದೆ ಪ್ರತಿಕಾಯಗಳನ್ನು ಸಿದ್ಧಪಡಿಸುವ ಬಿಳಿ ರಕ್ತಕಣಗಳಿಗೆ ಸ್ಮೃತಿಕೋಶಗಳೆಂದು ಹೆಸರು. ದಡಾರದ ವೈರಸ್ ನುಗ್ಗಿ ನಾಶ ಮಾಡುವುದು ಇಂಥ ಕೋಶಗಳನ್ನೇ. ಕ್ಷಯದ ಸೋಂಕನ್ನು ತೋರಿಸುವ ಚರ್ಮದ ಪರೀಕ್ಷೆಯು ದಡಾರ ಬಂದ ಮಕ್ಕಳಲ್ಲಿ ಕೆಲಕಾಲ ಏನನ್ನೂ ತೋರಿಸದೆ ಹೋಗುವುದನ್ನು ವಿಯೆನ್ನಾದ ವೈದ್ಯ ಪಿರ್ಕೆ 1908ರಲ್ಲೇ ದಾಖಲಿಸಿದ್ದ. ನೆದರ್ಲೆಂಡ್ಸಿನ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ಆಮೇಲೆ ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಬೇರೆ ಬೇರೆ ರೋಗಗಳ ವಿರುದ್ಧ ಮಕ್ಕಳು ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದನ್ನು ತೋರಿಸಿತು. ಲಸಿಕೆ ಪಡೆದ ಮಕ್ಕಳಲ್ಲಿ ಇಂಥ ನಷ್ಟ ಕಾಣಲಿಲ್ಲ. ಈ ಮರೆವು ಎರಡು ಮೂರು ವರ್ಷ ಉಳಿಯಬಲ್ಲದು ಎಂದು ಸಾವಿನ ಅಂಕಿ-ಅಂಶಗಳ ವಿಶ್ಲೇಷಣೆಯೊಂದು ಅದಕ್ಕೂ ಮೊದಲೇ, 2015ರಲ್ಲಿ, ಸೂಚಿಸಿತ್ತು. ಗೊಬ್ಬರ ವಾಸಿಯಾಗಿ ತಿಂಗಳುಗಳು ಕಳೆದ ಮೇಲೆ ಮಗುವಿಗೆ ನ್ಯುಮೋನಿಯಾವೋ ಭೇದಿಯೋ ತಗುಲಿದರೆ ಅದನ್ನು ಹಳೆಯ ಗೊಬ್ಬರದೊಂದಿಗೆ ಯಾರೂ ಜೋಡಿಸಿ ನೋಡುವುದಿಲ್ಲ, ಆದ್ದರಿಂದಲೇ ಆ ನಂಬಿಕೆ ಇಷ್ಟು ಕಾಲ ಬಾಳಿದೆ. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಲಸಿಕೆ ಹಾಕಲು 2015ರಲ್ಲಿ ಮೊದಲ ಹಂತದ ಮಿಷನ್ ಇಂದ್ರಧನುಷ್ ನಡೆದ 201 ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ದಡಾರದ ಲಸಿಕೆ ತಪ್ಪಿದ ಮಗುವಿಗೆ ದಡಾರ ತಗುಲಿದರೆ ಅದು ಕಳೆದುಕೊಳ್ಳುವುದು ಒಂದೇ ರೋಗದ ರಕ್ಷಣೆಯನ್ನಲ್ಲ.

ಇನ್ನು ‘ಒಂದು ಲಸಿಕೆ, ಒಂದು ರೋಗ’ ಎಂಬ ನಂಬಿಕೆ. ಹುಟ್ಟಿದ ಕೂಡಲೇ ಎಡ ತೋಳಿನ ಮೇಲ್ಭಾಗಕ್ಕೆ ಹಾಕುವ, ಕೆಲವು ವಾರಗಳಲ್ಲಿ ಗುಳ್ಳೆಯಾಗಿ ಒಡೆದು ಮಾಗಿ ಜೀವಮಾನದ ಗುರುತು ಉಳಿಸುವ ಬಿಸಿಜಿ ಇದನ್ನು ಅಲುಗಿಸಿದೆ. ಅದು ಕ್ಷಯಕ್ಕೆಂದು ತಯಾರಾದ ಲಸಿಕೆ. ಆದರೆ ಯಾವ ರೋಗಾಣುವೆಂದು ನೋಡದೆ ಮೊದಲಿಗೆ ಮೇಲೆರಗುವ ಜನ್ಮಜಾತ ರಕ್ಷಣಾಕೋಶಗಳು ಬಿಸಿಜಿ ಪಡೆದ ಮೇಲೆ ಬೇರೆ ರೋಗಾಣುಗಳಿಗೂ ಹೆಚ್ಚು ಚುರುಕಾಗಿ ಸ್ಪಂದಿಸುತ್ತವೆ. ಇದಕ್ಕೆ ನೆದರ್ಲೆಂಡ್ಸಿನ ಮಿಹಾಯ್ ನೇಟಿಯಾ ಮತ್ತು ಸಂಗಡಿಗರು 2011ರಲ್ಲಿ ತರಬೇತಿ ಪಡೆದ ರೋಗನಿರೋಧಕತೆ ಎಂಬ ಅರ್ಥದ ಹೆಸರು ಕೊಟ್ಟರು. ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವುವಿನಲ್ಲಿ ಕಡಿಮೆ ತೂಕದ ನವಜಾತ ಶಿಶುಗಳ ಸಾವು ಬಿಸಿಜಿಯಿಂದ ತಗ್ಗಿದ್ದು ಕಂಡುಬಂದರೂ, ಚೆನ್ನೈ ಮತ್ತು ಪುದುಚೇರಿಯಲ್ಲಿ ರಷ್ಯನ್ ತಳಿಯ ಬಿಸಿಜಿ ಬಳಸಿ ನಡೆಸಿದ ಪ್ರಯೋಗಗಳಲ್ಲಿ ಆ ಲಾಭ ಸಿಗಲಿಲ್ಲ. ಕೋವಿಡ್ ತಡೆಯಲು ಬಿಸಿಜಿ ಸಾಕೆಂಬ 2020ರ ಭರವಸೆಯೂ ಐದು ದೇಶಗಳ ಆರೋಗ್ಯ ಕಾರ್ಯಕರ್ತರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಲ್ಲಲಿಲ್ಲ. ಬಿಸಿಜಿಯ ಈ ಹೆಚ್ಚುವರಿ ಗುಣ ಸಿಕ್ಕರೆ ಒಳ್ಳೆಯದು, ಅದನ್ನೇ ನೆಚ್ಚಿ ಕೂರುವಂತಿಲ್ಲ.

ಜಿಲ್ಲೆಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಸೊಳ್ಳೆಯ ಜ್ವರಗಳದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿಯಂಥ ಕಡೆ ಗದ್ದೆಯ ನಿಂತ ನೀರಿನಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುತ್ತದೆ. ಹಂದಿ ಮತ್ತು ನೀರಹಕ್ಕಿಗಳಿಂದ ಜಪಾನೀಸ್ ಮಿದುಳು ಜ್ವರದ ವೈರಸ್ಸನ್ನು ಮನುಷ್ಯರಿಗೆ ತರುವುದು ಅದು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ನೀರನ್ನು ಬ್ಯಾರಲ್ಲು, ಸಿಮೆಂಟಿನ ತೊಟ್ಟಿಗಳಲ್ಲಿ ದಿನಗಟ್ಟಲೆ ತುಂಬಿಡಬೇಕಾಗುವುದರಿಂದ ಅಲ್ಲಿನ ಮುಖ್ಯ ಶತ್ರು ಡೆಂಗಿ ಹರಡುವ ಈಡಿಸ್. ಕೊಪ್ಪಳದಲ್ಲಿ ಮಿದುಳು ಜ್ವರದ ಲಸಿಕೆಯನ್ನು 9ನೇ ತಿಂಗಳಲ್ಲಿ ಮತ್ತು ಒಂದೂವರೆ ವರ್ಷದ ಹೊತ್ತಿಗೆ, ದಡಾರದ ಲಸಿಕೆಯ ಜೊತೆಯಲ್ಲೇ, ಕೊಡಲಾಗುತ್ತದೆ.

ಮಿದುಳು ಜ್ವರದ ಮತ್ತು ಡೆಂಗಿಯ ವೈರಸ್‌ಗಳೆರಡೂ ಫ್ಲೇವಿವೈರಸ್ ಎಂಬ ಒಂದೇ ಗುಂಪಿನವು. ಹೋಲಿಕೆ ಇರುವುದರಿಂದ ಒಂದರ ಪ್ರತಿಕಾಯ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಆದರೆ ಅಂಟಿಕೊಳ್ಳುವುದೇ ಬೇರೆ, ನಿಷ್ಕ್ರಿಯಗೊಳಿಸುವುದೇ ಬೇರೆ. ಡೆಂಗಿಯಲ್ಲೇ ನಾಲ್ಕು ಬಗೆಗಳಿದ್ದು, ಒಂದು ಬಗೆ ಬಂದು ಹೋದರೆ ಆ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆಯೂ ಉಳಿದ ಮೂರರ ವಿರುದ್ಧ ಕೆಲವೇ ತಿಂಗಳ ರಕ್ಷಣೆಯೂ ದೊರೆಯುತ್ತವೆ. ಆ ಬಳಿಕ ಇನ್ನೊಂದು ಬಗೆ ತಗುಲಿದಾಗ ಹಳೆಯ ಪ್ರತಿಕಾಯಗಳು ವೈರಸ್ಸಿಗೆ ಅರೆಬರೆಯಾಗಿ ಅಂಟಿಕೊಂಡು, ಅದನ್ನು ತಡೆಯುವ ಬದಲು ಅದು ಬೆಳೆಯುವ ರಕ್ತಕೋಶಗಳ ಒಳಗೇ ಸಾಗಿಸಬಲ್ಲವು. ಹೀಗಾಗಿ ಎರಡನೆಯ ಡೆಂಗಿ ಮೊದಲನೆಯದಕ್ಕಿಂತ ತೀವ್ರವಾಗುವ ಅಪಾಯ ಹೆಚ್ಚು. ಒಮ್ಮೆ ಬಂದವರಿಗೆ ಡೆಂಗಿ ಮತ್ತೆ ಬಾರದು ಎಂಬ ನೆಮ್ಮದಿ ಆದ್ದರಿಂದ ಅಪಾಯಕಾರಿ. ಫಿಲಿಪ್ಪೀನ್ಸಿನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿ ಲಸಿಕೆ ಕೊಟ್ಟ ಮೇಲೆ, ಹಿಂದೆ ಡೆಂಗಿ ಬಾರದ ಮಕ್ಕಳಲ್ಲಿ ಆ ಲಸಿಕೆಯೇ ಮೊದಲ ಸೋಂಕಿನಂತೆ ವರ್ತಿಸಿ ಮುಂದಿನ ಸೋಂಕನ್ನು ತೀವ್ರಗೊಳಿಸಬಹುದೆಂದು 2017ರಲ್ಲಿ ತಯಾರಕರೇ ಒಪ್ಪಬೇಕಾಯಿತು.

ಹಾಗಾದರೆ ಮಿದುಳು ಜ್ವರದ ಲಸಿಕೆಯನ್ನೂ ಅನುಮಾನಿಸಬೇಕೆ? ಖಂಡಿತ ಇಲ್ಲ. ಈ ಜ್ವರ ತೀವ್ರವಾದವರಲ್ಲಿ ಶೇ 30ರವರೆಗೂ ಸಾಯುತ್ತಾರೆ, ಬದುಕುಳಿದ ಅನೇಕರಿಗೆ ಪಾರ್ಶ್ವವಾಯು ಅಥವಾ ಬುದ್ಧಿಮಾಂದ್ಯ ಉಳಿಯುತ್ತದೆ; ನಿರ್ದಿಷ್ಟ ಚಿಕಿತ್ಸೆಯೂ ಇಲ್ಲದ ಇಂಥ ರೋಗಕ್ಕೆ ಲಸಿಕೆಯೇ ದೊಡ್ಡ ಆಸರೆ. ಅದು ಡೆಂಗಿಯನ್ನು ತಡೆಯುವುದಿಲ್ಲ ಎನ್ನುವುದಷ್ಟೇ ಇಲ್ಲಿನ ಮಾತು. ಅಂಟಿಕೊಳ್ಳುವ ಇದೇ ಗುಣದಿಂದ ರಕ್ತಪರೀಕ್ಷೆಯೂ ದಾರಿ ತಪ್ಪಬಹುದು: ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಒಂದು ರೋಗವನ್ನು ಇನ್ನೊಂದೆಂದು ತೋರಿಸಬಹುದಾದ್ದರಿಂದ, ಜ್ವರದ ಮೊದಲ ಐದು ದಿನಗಳಲ್ಲಿ ವೈರಸ್ಸಿನದೇ ಪ್ರೋಟೀನನ್ನು ಹುಡುಕುವ ಎನ್‌ಎಸ್-1 ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಡೆಂಗಿಯ ಮಟ್ಟಿಗೆ ತಡೆ ಇನ್ನೂ ತೊಟ್ಟಿಯ ಅಂಚಿನಲ್ಲೇ ಇದೆ. ಈಡಿಸ್ ತನ್ನ ಕಪ್ಪು ಮೊಟ್ಟೆಗಳನ್ನು ನೀರಿನ ಮಟ್ಟಕ್ಕೆ ತುಸು ಮೇಲೆ ಗೋಡೆಗೆ ಅಂಟಿಸುತ್ತದೆ, ಅವು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತವೆ, ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆದು ಒಣಗಿಸಿ ಮತ್ತೆ ತುಂಬಬೇಕು.